ಬಾಲರಾಜಣ್ಣನ ಸೈಟು

ಕೊಡಿಗೇಹಳ್ಳಿ
14 ಜೂನ್ 2009

ನಸೀಮಾ ಅವರಿಗೆ ಬಾಲರಾಜ್ ಮಾಡುವ ನಮಸ್ಕಾರಗಳು.

ನೀವು ಬೀದರಿನಲ್ಲಿ ಮನೆ ಹೂಡಿದ ವಿಷಯ ನಿಮ್ಮ ಗೆಳತಿ ಮಲ್ಕಾ ಅವರಿಂದ ತಿಳಿಯಿತು. ವಿಳಾಸವನ್ನೂ ಅವರೇ ಕೊಟ್ಟರು. ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಾನಲ್ಲ, ಯಾವ ಕಾಲದ ಮನುಷ್ಯ ಎಂದು ನಗಬೇಡಿ. ನೀವು ಮಾಡಿಕೊಟ್ಟ ಇಂಟರ್ನೆಟ್ ಪುಟದಲ್ಲಿರುವ ನಂಬರನ್ನು ನಾನು ರಕ್ತದ ಕರೆಗಳಿಗೆ ಮಾತ್ರ ಮೀಸಲಿಟ್ಟಿದ್ದೇನೆ. ನಾನು ಯಾರ ಜೊತೆಗೋ ಹರಟುವಾಗ ಆಸ್ಪತ್ರೆಯವರಿಗೆ ಎಂಗೇಜ್ ಬಂದರೆ ಏನು ಗತಿ? ಮನೆಯವಳಿಗೂ ಆ ನಂಬರಿಗೆ ಮಾಡಬೇಡ ಎಂದಿದ್ದೇನೆ. "ಹಂಗಾದ್ರೆ ನಾನೂ ರಕ್ತ ಬೇಕು ಅಂತ್ಲೇ ಮಾಡ್ಬೇಕಾ?" ಎಂದು ವನಿತಾ ರೇಗಿಸುತ್ತಾಳೆ.

ಹೋದ ವರ್ಷ ಹೆರಿಗೆಯಲ್ಲಿ ಮಲ್ಕಾ ಅವರಿಗೆ ರಕ್ತ ಹೋಗಿ, 'ಬಾಂಬೆ ಗ್ರೂಪ್' ಎಂದು ತಿಳಿದು, ನೀವೆಲ್ಲ ಎರಡು ದಿನ ಊರೆಲ್ಲ ಅಲೆದು ಕೊನೆಗೆ ನನ್ನ ಅಂಗಡಿಗೆ ಬಂದು ನಿಂತಿರಲ್ಲ, ಅದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೋಟಾರ್ ವೈಂಡಿಂಗ್ ಮಾಡುವವನನ್ನು ಅಷ್ಟು ಜನ ಕೈಮುಗಿದು ಕರೆದುಕೊಂಡು ಹೋದದ್ದು ಅದೇ ಮೊದಲು. ಈ ರಕ್ತ ಹತ್ತು ಸಾವಿರಕ್ಕೊಬ್ಬರಿಗೂ ಇರುವುದಿಲ್ಲವಂತೆ, ಇದಕ್ಕೆ ಇದೇ ಆಗಬೇಕಂತೆ, ಬೇರೆ ಯಾವುದೂ ಒಗ್ಗುವುದಿಲ್ಲವಂತೆ. ಹೆಸರು ಕೇಳಿ ನಮ್ಮಮ್ಮ ಮುನಿಯಲ್ಲಮ್ಮನಿಗೆ ಇನ್ನೂ ಸಿಟ್ಟು. "ಯಶವಂತಪುರದ ರೈಲ್ವೆ ಟೇಸನ್ ದಾಟಿ ನಾನೆಲ್ಲೂ ಓಗಿಲ್ಲ, ಇವನಿಗೆಲ್ಲಿಂದ ಬಂತು ಬೊಂಬಾಯಿ ರಕ್ತ?" ಎಂದು ಬಂದವರನ್ನೆಲ್ಲ ಕೇಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಸೈಬರ್ ಸೆಂಟರಿಗೆ ಹೋಗಿ ಗೂಗಲ್ಲಿನಲ್ಲಿ ಹುಡುಕಿಸಿದೆ. ನಮ್ಮ ಪುಟ ಎಲ್ಲೋ ನಾಲ್ಕನೇ ಹಾಳೆಯಲ್ಲಿ, ಯಾರೂ ಇಣುಕದ ಕಡೆ ಬಿದ್ದಿದೆ. ಯಶವಂತಪುರದ ಒಂದು ಕಂಪನಿಯವರು ಒಂದೇ ರಾತ್ರಿಯಲ್ಲಿ ಸಾವಿರ ಲಿಂಕು ಹಾಕಿಸಿ ಮೇಲೆ ತರುತ್ತಾರಂತೆ. ಹಾಕಿಸಲೇ? ಲಿಂಕು ಅಂದರೆ ಏನು ಅಂತಲೂ ಬರೆಯಿರಿ.

ಇಂತಿ,
ಬಾಲರಾಜ್

*

ಬೀದರ್
2 ಜುಲೈ 2009

ಬಾಲರಾಜಣ್ಣನಿಗೆ ಸಲಾಂ.

ಕಾಗದ ನೋಡಿ ನಕ್ಕೆ, ನಿಜ. ಆದರೆ ಇಲ್ಲಿ ಹೊಸ ಮನೆಯಲ್ಲಿ ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು, ಹಾಗಾಗಿ ಎರಡು ಸಲ ಓದಿದೆ.

ಆ ಯಶವಂತಪುರದವರ ಸಹವಾಸ ಖಂಡಿತ ಬೇಡ. ಬೇರೆಯವರು ತಮ್ಮ ಪುಟದಲ್ಲಿ 'ಇವರನ್ನು ಕೇಳಿ' ಎಂದು ನಿಮ್ಮ ಪುಟಕ್ಕೆ ದಾರಿ ತೋರಿಸಿದರೆ ಅದಕ್ಕೆ ಲಿಂಕು ಅನ್ನುತ್ತಾರೆ. ಎಷ್ಟು ಜನ ತೋರಿಸುತ್ತಾರೆ ಅನ್ನುವುದರ ಜೊತೆಗೆ ಎಷ್ಟು ಕಾಲದಿಂದ ತೋರಿಸುತ್ತಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮೂರನ್ನೇ ತೆಗೆದುಕೊಳ್ಳಿ. ನಿನ್ನೆ ಬಾಡಿಗೆಗೆ ಬಂದವರು 'ಬಾಲರಾಜ್ ಒಳ್ಳೆಯವರು' ಅಂದರೆ ಯಾರು ಕೇಳುತ್ತಾರೆ? ಪಕ್ಕದ ಮನೆಯವರು ಮೂವತ್ತು ವರ್ಷದಿಂದ ಅದೇ ಮಾತು ಹೇಳುತ್ತಿದ್ದರೆ ಅದರ ತೂಕವೇ ಬೇರೆ. ಒಂದೇ ರಾತ್ರಿ ಸಾವಿರ ಜನ ಬಂದು ಹೊಗಳಿದರೆ ಬಾಡಿಗೆಗೆ ಕರೆಸಿದ್ದಾನೆ ಎಂದು ಎಲ್ಲರಿಗೂ ಅನುಮಾನ ಬರುತ್ತದೆ, ಗೂಗಲ್ಲಿಗೂ ಬರುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂದು ಅವರು ಬಾಯಿ ಬಿಡುವುದಿಲ್ಲ. ನಾವು ಈ ಕೆಲಸ ಮಾಡುವವರು ನೋಡಿ ನೋಡಿ ಕಂಡುಕೊಂಡದ್ದು ಇಷ್ಟು.

ನಾನು ಕೆಲವು ಕಾಲೇಜಿನವರಿಗೆ, ಬ್ಲಾಗ್ ಬರೆಯುವ ಇಬ್ಬರು ಡಾಕ್ಟರುಗಳಿಗೆ, ಯಲಹಂಕದ ಒಂದು ಯುವಕ ಸಂಘಕ್ಕೆ ಬರೆದಿದ್ದೇನೆ. ಅವರು ಲಿಂಕು ಹಾಕಿದರೆ ಸಾಕು. ಆಮೇಲೆ ಅವು ಹಳತಾಗಲಿ. ಅಲ್ಲಿಯವರೆಗೆ ನೀವು ಮಾಡಬೇಕಾದ್ದು ಇಷ್ಟೇ: ಪುಟದ ವಿಳಾಸ ಬದಲಿಸಬೇಡಿ, ಯಾರು ಕೇಳಿದರೂ ಕೊಡಬೇಡಿ. ಹೆಸರು ನಿಮ್ಮದು, ಪಾಸ್‌ವರ್ಡೂ ನಿಮ್ಮ ಹತ್ತಿರವೇ ಇರಲಿ. ನನಗೂ ಬೇಡ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ. ಬೊಂಬಾಯಿಯವರು ಮೊದಲು ಕಂಡುಹಿಡಿದರು ಅಂತ ಆ ಹೆಸರು, ಅವರ ಮೇಲೆ ಯಾರಿಗೂ ಅನುಮಾನವಿಲ್ಲ ಎಂದು ಹೇಳಿ.

ನಸೀಮಾ

*

ಕೊಡಿಗೇಹಳ್ಳಿ
20 ನವೆಂಬರ್ 2011

ತಂಗಿ ನಸೀಮಾ,

ನೀನು ಹೇಳಿದ್ದು ನಿಜವಾಯಿತು. ಈಗ ನಾನೇ ಫಸ್ಟು. 'ಬಾಂಬೆ ಗ್ರೂಪ್ ಬೆಂಗಳೂರು' ಅಂತ ಒತ್ತಿದರೆ ಎಲ್ಲಕ್ಕಿಂತ ಮೇಲೆ ನನ್ನ ಹೆಸರು, ನನ್ನ ನಂಬರು. ಸೈಬರಿನವನಿಗೆ ಟೀ ಕೊಡಿಸಿ ಮೂರು ಕಂಪ್ಯೂಟರಿನಲ್ಲಿ ನೋಡಿಸಿದೆ. ಮೂರರಲ್ಲೂ ನಾನೇ.

ಅನಂತಪುರದಿಂದ ಕರೆ ಬರುತ್ತದೆ, ಹಾಸನದಿಂದ ಬರುತ್ತದೆ. ಒಂದು ಸಲ ಕೊಟ್ಟರೆ ಮೂರು ತಿಂಗಳು ಕಾಯಬೇಕು ಅನ್ನುವುದೊಂದೇ ಬೇಜಾರು. ಹೋದ ತಿಂಗಳು ಹಾಸನದ ಒಬ್ಬ ಮೇಷ್ಟ್ರಿಗೆ ಕೊಟ್ಟೆ. ಅವರ ಹೆಂಡತಿ ಅಂಗಡಿಗೆ ಬಂದು, ಎಣ್ಣೆ ಮೆತ್ತಿದ ನನ್ನ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು.

ನಿನಗೆ ಒಂದು ವಿಷಯ ಹೇಳುತ್ತೇನೆ. ಸಹಕಾರನಗರದ ಪಾರ್ಕಿನ ಪಕ್ಕ ಮೂರು ಬೀದಿ ಇವೆಯಲ್ಲ, ಅದು ನಮ್ಮ ರಾಗಿ ಹೊಲ. ನಮ್ಮಪ್ಪ ಮುನಿಆಂಜಿನಪ್ಪ ಲೇಔಟಿಗೆ ಕೊಟ್ಟು ಕೈ ತೊಳೆದುಕೊಂಡರು. ಈಗ ಅದೇ ಬೀದಿಯಲ್ಲಿ ಮೋಟಾರ್ ಬಿಚ್ಚಿಕೊಂಡು ಬರಲು ಹೋದರೆ ವಾಚ್‌ಮನ್ "ಯಾರ್ ಬೇಕು?" ಅನ್ನುತ್ತಾನೆ. ನನ್ನ ಜೊತೆ ಓದಿದವರಿಗೆಲ್ಲ ಎರಡೆರಡು ಸೈಟು. ನನಗೆ ಇದೊಂದೇ ಸೈಟು, ನೀನು ಮಾಡಿಕೊಟ್ಟದ್ದು. ಆದರೆ ಹುಡುಕಿದರೆ ಮೊದಲು ಸಿಗುವುದು ಇದೇ ನೋಡು.

ವನಿತಾ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ಊರಿಗೆ ಬಂದಾಗ ಮನೆಗೆ ಬಾ.

ನಿನ್ನ ಅಣ್ಣ,
ಬಾಲರಾಜ್

*

ಬೀದರ್
15 ಜನವರಿ 2012

ಪ್ರೀತಿಯ ಬಾಲರಾಜಣ್ಣ,

ಆರ್.ಟಿ. ನಗರದ ತವರಿಗೆ ಬಂದಿದ್ದೆ, ಅಮ್ಮನಿಗೆ ಹುಷಾರಿರಲಿಲ್ಲ, ನಿಮ್ಮ ಕಡೆ ಬರಲು ಆಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮಲ್ಕಾ ಸಿಕ್ಕಿದ್ದಳು. ನೋಡಿದರೆ ಗುರುತು ಹಿಡಿಯಲಾರಿರಿ, ಅಷ್ಟು ಗಟ್ಟಿಯಾಗಿದ್ದಾಳೆ. 'ಬಾಲರಾಜಣ್ಣ ನನಗೆ ಕೊಟ್ಟರು, ಈಗ ನಾನೂ ಯಾರಿಗಾದರೂ ಕೊಡುತ್ತೇನೆ' ಅನ್ನುತ್ತಾಳೆ. ಆಗ ನನಗೆ ಒಂದು ಯೋಚನೆ ಬಂತು. ಪುಟದಲ್ಲಿ ಇರುವುದು ನಿಮ್ಮ ಒಂದೇ ನಂಬರು. ನೀವು ಕೊಟ್ಟು ತಿಂಗಳಾಗಿರುತ್ತದೆ, ಅಥವಾ ಜ್ವರ ಬಂದಿರುತ್ತದೆ, ಆಗ? ಮಲ್ಕಾಳ ನಂಬರೂ ಸೇರಿಸೋಣವೇ? ಇನ್ನೂ ಇಬ್ಬರು ಮೂವರು ಸಿಗಬಹುದು. ನೀವು ಹೂಂ ಅಂದರೆ ಒಂದು ಗಂಟೆಯ ಕೆಲಸ.

ನಸೀಮಾ

*

ಕೊಡಿಗೇಹಳ್ಳಿ
3 ಮಾರ್ಚ್ 2013

ನಸೀಮಾ ಅವರಿಗೆ,

ಬರೆಯುವುದು ತಡವಾಯಿತು. ಅಂಗಡಿಯಲ್ಲಿ ಕೆಲಸ ಜಾಸ್ತಿ. ಎಲ್ಲರೂ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ.

ಹೋದ ಮಳೆಗಾಲದಲ್ಲಿ ಒಂದು ಕರೆ ಬಂದು ಹೆಬ್ಬಾಳದ ಆಸ್ಪತ್ರೆಗೆ ಹೋಗಿದ್ದೆ. ಅಷ್ಟರಲ್ಲಿ ಅವರಿಗೆ ಬೇರೆ ಕಡೆ ಸಿಕ್ಕಿತ್ತು. ವಾಪಸ್ ಬಂದೆ. ಅಷ್ಟೇ ಸಮಾಚಾರ.

ಬೇರೆಯವರ ನಂಬರ್ ಸೇರಿಸುವುದು ಸದ್ಯ ಬೇಡ. ಚೆನ್ನಾಗಿ ನಡೆಯುತ್ತಿರುವಾಗ ಕೈ ಹಾಕುವುದು ಯಾಕೆ? ನೀವೇ ಮುಟ್ಟಬೇಡಿ ಎಂದಿದ್ದಿರಿ.

ಭಾನುವಾರದ ಮಟನ್ ಬಿಟ್ಟಿದ್ದೇನೆ. ಸಂಜೆಯ ಒಂದು ಪೆಗ್ಗೂ ಬಿಟ್ಟೆ. ಅಮ್ಮನಿಗೆ ಖುಷಿಯೋ ಖುಷಿ.

ಇಂತಿ,
ಬಾಲರಾಜ್

*

ಬೀದರ್
9 ಆಗಸ್ಟ್ 2014

ಬಾಲರಾಜಣ್ಣ,

ನೀವು 'ತಂಗಿ' ಬಿಟ್ಟು ಮತ್ತೆ 'ಅವರಿಗೆ' ಎಂದು ಬರೆದದ್ದು ನೋಡಿ ಮನಸ್ಸಿಗೆ ಒಂಥರಾ ಆಯಿತು. ಮನೆಗೆ ಬರಲಿಲ್ಲ ಎಂದು ಕೋಪವೇ? ಯಾವ ದೇವರಿಗೆ ಹರಕೆ ಹೊತ್ತು ಮಟನ್ ಬಿಟ್ಟಿರಿ? ಅದನ್ನೂ ಬರೆದಿಲ್ಲ.

ಇಲ್ಲಿ ಇಬ್ಬರು ಡಾಕ್ಟರುಗಳು ಸೇರಿ ಒಂದು ಸಣ್ಣ ಟ್ರಸ್ಟು ಮಾಡಿದ್ದಾರೆ. ರಾಜ್ಯದಲ್ಲಿ ಬಾಂಬೆ ಗ್ರೂಪಿನವರು ಯಾರ್ಯಾರು ಇದ್ದಾರೆ ಎಂದು ಹುಡುಕಿ ಹನ್ನೆರಡು ಜನರನ್ನು ಗೊತ್ತು ಮಾಡಿದ್ದೇವೆ. ಮಲ್ಕಾಳೂ ಇದ್ದಾಳೆ. ಯಾರು ಈಗ ಕೊಡಬಹುದು, ಯಾರು ಕೊಡಬಾರದು ಎಂದು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳಿ, ಹೊಸ ಪುಟದಲ್ಲಿ ಹಾಕುತ್ತೇನೆ. ಆದರೆ ಆ ಪುಟ ಯಾರ ಕಣ್ಣಿಗೂ ಬೀಳುತ್ತಿಲ್ಲ. ಹುಡುಕಿದರೆ ಮೊದಲು ನಿಮ್ಮದು, ನಮ್ಮದು ಎರಡನೇ ಹಾಳೆಯ ಅಡಿಯಲ್ಲಿ. ನಮಗೂ ದೊಡ್ಡ ದೊಡ್ಡವರು ಲಿಂಕು ಕೊಟ್ಟಿದ್ದಾರೆ, ಆದರೆ ಎಲ್ಲ ನಿನ್ನೆ ಮೊನ್ನೆಯವು. ನಿಮ್ಮವು ಐದು ವರ್ಷ ಬಲಿತವು. ಅವತ್ತು ನಿಮಗೆ ನಾನೇ ಹೇಳಿಕೊಟ್ಟ ಪಾಠ ಈಗ ನನ್ನ ಕಾಲಿಗೇ ತೊಡರಿದೆ.

ಇದಕ್ಕೆ ಒಂದೇ ದಾರಿ. ಮನೆ ಬದಲಿಸಿದವರ ಟಪಾಲನ್ನು ಅಂಚೆಯವರು ಹೊಸ ಮನೆಗೆ ಮುಟ್ಟಿಸುವುದಿಲ್ಲವೇ, ಹಾಗೆ ನಿಮ್ಮ ವಿಳಾಸಕ್ಕೆ ಬಂದವರನ್ನೆಲ್ಲ ಹೊಸ ಪುಟಕ್ಕೆ ತಿರುಗಿಸಬಹುದು. ಹಳೇ ಲಿಂಕುಗಳ ತೂಕವೂ ಅದರ ಜೊತೆಗೇ ಬರುತ್ತದೆ, ಹೆಚ್ಚೆಂದರೆ ಒಂದು ತಿಂಗಳು ಹಿಡಿಯಬಹುದು. ಅದಕ್ಕೆ ನಿಮ್ಮ ಪಾಸ್‌ವರ್ಡ್ ಬೇಕು, ನಿಮ್ಮ ಒಪ್ಪಿಗೆ ಬೇಕು. ದಯವಿಟ್ಟು ನಿಮ್ಮ ಸೈಟನ್ನು ಟ್ರಸ್ಟಿನ ಹೆಸರಿಗೆ ಬರೆದುಕೊಡಿ. ನಿಮ್ಮ ಹೆಸರೇ ಎಲ್ಲಕ್ಕಿಂತ ಮೇಲೆ ಇರುತ್ತದೆ, ಅದು ನನ್ನ ಮಾತು.

ನಸೀಮಾ

*

ಕೊಡಿಗೇಹಳ್ಳಿ
28 ಸೆಪ್ಟೆಂಬರ್ 2014

ನಸೀಮಾ ಅವರಿಗೆ,

ನಿಮ್ಮ ಕಾಗದ ಮನೆಯಲ್ಲಿ ಮಹಾಭಾರತವನ್ನೇ ಎಬ್ಬಿಸಿತು. ನಾನು ಅಂಗಡಿಯಲ್ಲಿದ್ದೆ. ವನಿತಾ ಒಡೆದು ಓದಿದ್ದಾಳೆ. 'ನಿಮ್ಮ ಸೈಟನ್ನು ಬರೆದುಕೊಡಿ' ಅಂತ ಇದೆಯಲ್ಲ, ಅಷ್ಟೇ ಸಾಕಾಯಿತು. ನನಗೆ ಗೊತ್ತಿಲ್ಲದ ಹಾಗೆ ಎಲ್ಲಿ ಸೈಟು ತೆಗೆದಿದ್ದೀರಿ, ಮೂವತ್ತು ನಲವತ್ತು ಅಡಿಯದೋ, ಅದನ್ನು ಆ ಬೀದರಿನ ನಸೀಮಾಗೆ ಯಾಕೆ ಬರೆದುಕೊಡುತ್ತಿದ್ದೀರಿ ಎಂದು ಶುರು ಮಾಡಿದಳು. ಅಮ್ಮ ಖಾತೆ ಯಾರ ಹೆಸರಲ್ಲಿದೆ ಎಂದು ಕೇಳಲು ನನ್ನ ತಂಗಿ ಸರಳಾಳನ್ನೂ ಟಿ. ದಾಸರಹಳ್ಳಿಯಿಂದ ಕರೆಸಿದಳು. ಇದು ಮಣ್ಣಿನ ಸೈಟಲ್ಲ, ಕಂಪ್ಯೂಟರಿನ ಸೈಟು ಎಂದರೆ ಯಾರೂ ನಂಬಲಿಲ್ಲ. ಮೂರು ಹೆಂಗಸರ ಮಧ್ಯೆ ನನ್ನ ಪಾಡು ಕೇಳಬೇಡಿ.

ಈಗ ಶಾಂತವಾಗಿದೆ. ಆದರೆ ವನಿತಾಗೆ ಮನಸ್ಸಿಲ್ಲ. ಇಷ್ಟು ವರ್ಷ ನಿಮ್ಮ ಹೆಸರಲ್ಲಿದ್ದದ್ದನ್ನು ಯಾರಿಗೋ ಯಾಕೆ ಕೊಡಬೇಕು ಅನ್ನುತ್ತಾಳೆ. ಮನೆಯಲ್ಲಿ ಜಗಳ ಬೇಡ ಎಂದು ನಾನೂ ಸುಮ್ಮನಿದ್ದೇನೆ. ಸ್ವಲ್ಪ ದಿನ ಹೋಗಲಿ.

ಬಾಲರಾಜ್

*

ಬೀದರ್
11 ಮೇ 2016

ಬಾಲರಾಜಣ್ಣ,

ಎರಡು ಸಲ ಆ ನಂಬರಿಗೇ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರದ ಮುಜಫ್ಫರ್ ಎಂಬವರು ನನಗೆ ಮೇಲ್ ಕಳಿಸಿದ್ದಾರೆ. ನಿಮ್ಮ ಪುಟದ ಕೊನೆಯಲ್ಲಿ ಮಾಡಿಕೊಟ್ಟವರು ಎಂದು ನನ್ನ ವಿಳಾಸ ಇದೆಯಲ್ಲ, ಅದನ್ನು ನೋಡಿ. ಅವರ ತಾಯಿಗೆ ಆಪರೇಷನ್ ಆಗಿ ರಕ್ತ ಬೇಕಾಗಿತ್ತು. ಬೆಳಗ್ಗೆ ಹುಡುಕಿದಾಗ ಮೊದಲು ಸಿಕ್ಕಿದ್ದು ನೀವು. "ಸಂಜೆಗೆ ಬರ್ತೀನಿ" ಅಂದಿರಂತೆ. ಸಿಕ್ಕರಲ್ಲ ಎಂದು ಅವರು ಹುಡುಕುವುದನ್ನೇ ನಿಲ್ಲಿಸಿದ್ದಾರೆ. ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಬಂದ ಬಂದ ಆಟೋದಲ್ಲೆಲ್ಲ ನಿಮ್ಮನ್ನು ಹುಡುಕಿದ್ದಾರೆ. ನೀವು ಹೋಗಲಿಲ್ಲ, ಫೋನ್ ಎತ್ತಲೂ ಇಲ್ಲ. ತಾಯಿ ತೀರಿಕೊಂಡರು. ಮುಜಫ್ಫರ್ ಬೈದು ಬರೆದಿಲ್ಲ. ಆ ಪುಟ ನೋಡುವ ಇನ್ನೊಬ್ಬರು ನನ್ನ ಹಾಗೆ ಕಾಯುವುದು ಬೇಡ, ತೆಗೆದುಬಿಡಿ ಎಂದಷ್ಟೇ ಬರೆದಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರು ಇನ್ನೂ ಹುಡುಕುತ್ತಿದ್ದರು. ನಮ್ಮ ಪುಟ ಇನ್ನೂ ಕೆಳಗೆ ಇತ್ತು, ಅದರಲ್ಲಿ ಆ ದಿನ ಕೊಡಬಹುದಾದವರು ಬೆಂಗಳೂರಿನಲ್ಲೇ ಮೂವರಿದ್ದರು. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಗೂಗಲ್ಲಿನಲ್ಲಿ ಮೊದಲು ಇರಬೇಕು ಎಂಬ ಆಸೆಗೆ ಇಷ್ಟು ಬೆಲೆಯೇ? ಏನಾಯಿತು ಎಂದು ಬರೆಯಿರಿ.

ನಸೀಮಾ

*

ಕೊಡಿಗೇಹಳ್ಳಿ
5 ಜೂನ್ 2016

ನಸೀಮಾ ಅವರಿಗೆ,

ಆ ದಿನ ಹೊರಟಿದ್ದೆ. ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕು ನಿಮಗೆ ಗೊತ್ತೇ ಇದೆ. ಆಮೇಲೆ ಹೊಟ್ಟೆ ತೊಳಸಿದ ಹಾಗಾಗಿ ವಾಪಸ್ ಬಂದೆ. ಫೋನ್ ಅಂಗಡಿಯಲ್ಲೇ ಬಿಟ್ಟಿದ್ದೆ.

ಆ ಅಮ್ಮನ ವಿಷಯ ಓದಿದ ಮೇಲೆ ಊಟ ಸೇರುತ್ತಿಲ್ಲ. ಫೋನ್ ಬರುತ್ತದೆ, ಆ ಕಡೆ ಯಾರೋ ಅಳುತ್ತಿರುತ್ತಾರೆ, ಅಣ್ಣಾ ಅನ್ನುತ್ತಾರೆ. ಅವರಿಗೆ ಇಲ್ಲ ಅನ್ನುವುದು ಹೇಗೆ? ನನ್ನ ಬಾಯಿಗೆ ಆ ಮಾತು ಬರುವುದಿಲ್ಲ. ಸಂಜೆ ಅಂದರೆ ಅವರಿಗೂ ಸ್ವಲ್ಪ ಧೈರ್ಯ, ನನಗೂ ಸ್ವಲ್ಪ ಹೊತ್ತು.

ಮುಜಫ್ಫರ್ ಅವರಿಗೆ ಏನು ಬರೆಯಬೇಕೋ ಗೊತ್ತಿಲ್ಲ, ನೀವೇ ಏನಾದರೂ ಬರೆಯಿರಿ. ದೀಪಾವಳಿ ಕಳೆಯಲಿ, ವನಿತಾಳನ್ನು ಒಪ್ಪಿಸಿ ಪಾಸ್‌ವರ್ಡ್ ಕಳಿಸುತ್ತೇನೆ.

ಬಾಲರಾಜ್

*

ಬೀದರ್
19 ಫೆಬ್ರವರಿ 2017

ಬಾಲರಾಜಣ್ಣ,

ದೀಪಾವಳಿ ಕಳೆದು ಸಂಕ್ರಾಂತಿಯೂ ಹೋಯಿತು.

ನೀವು ಕೊಡದಿದ್ದರೂ ಬೇರೆ ದಾರಿ ಇದೆಯೇ ಎಂದು ನೋಡಿದೆ. ನಿಮಗೆ ಲಿಂಕು ಕೊಟ್ಟವರನ್ನೇ ಹುಡುಕಿ, ಇನ್ನು ಮೇಲೆ ನಮ್ಮ ಕಡೆ ತೋರಿಸಿ ಎಂದು ಕೇಳೋಣ ಎಂದುಕೊಂಡೆ. ಬ್ಲಾಗ್ ಬರೆಯುತ್ತಿದ್ದ ಒಬ್ಬ ಡಾಕ್ಟರು ತೀರಿಕೊಂಡಿದ್ದಾರೆ. ಇನ್ನೊಬ್ಬರಿಗೆ ತಮ್ಮ ಪಾಸ್‌ವರ್ಡೇ ಮರೆತಿದೆ. ಯುವಕ ಸಂಘ ಮುಚ್ಚಿ ಆ ಜಾಗದಲ್ಲಿ ಚಪ್ಪಲಿ ಅಂಗಡಿ ಬಂದಿದೆಯಂತೆ. ಕಾಲೇಜಿನ ಪುಟವನ್ನು ನೋಡಿಕೊಳ್ಳುವವರೇ ಇಲ್ಲ. ಯಾರೂ ಉಳಿದಿಲ್ಲ, ಆದರೆ ಅವರು ಹಾಕಿದ ಲಿಂಕುಗಳು ಹಾಗೇ ಇವೆ, ವರ್ಷ ವರ್ಷ ಹಳತಾಗುತ್ತಾ, ಎಲ್ಲರನ್ನೂ ನಿಮ್ಮ ಹತ್ತಿರವೇ ಕಳಿಸುತ್ತಾ.

ನೀವು ಕೊಡುವುದಿಲ್ಲ ಎಂದು ನನಗೆ ಅರ್ಥವಾಗಿದೆ. ವನಿತಕ್ಕನ ಹೆಸರು ಹೇಳುತ್ತೀರಿ, ಅವರನ್ನು ನಾನೇ ಕೇಳಬಹುದಿತ್ತು, ಆದರೆ ನಿಮ್ಮ ಸಂಸಾರದ ಮಧ್ಯೆ ಬರಲು ಇಷ್ಟವಿಲ್ಲ. ಇನ್ನು ಬರೆದು ನಿಮಗೆ ತೊಂದರೆ ಕೊಡುವುದಿಲ್ಲ. ಎಂದಾದರೂ ಮನಸ್ಸು ಬಂದರೆ ನನ್ನ ನಂಬರು ಕವರಿನ ಹಿಂದೆ ಇದೆ.

ನಸೀಮಾ

*

ಕೊಡಿಗೇಹಳ್ಳಿ
20 ಜನವರಿ 2019

ನಸೀಮಾ ಅವರಿಗೆ ವನಿತಾ ಮಾಡುವ ನಮಸ್ಕಾರ.

ಆ ದಿನ ಸಂಜೆ ಆಸ್ಪತ್ರೆಯಿಂದ ನಿಮಗೆ ಫೋನ್ ಮಾಡಿದಾಗ ಸರಿಯಾಗಿ ಮಾತಾಡಲು ಆಗಲಿಲ್ಲ. ಏನಾಯಿತು ಎಂದು ನೀವು ಕೇಳಲಿಲ್ಲ, ಮಲ್ಕಾ ಅವರನ್ನು ಕಳಿಸಿದಿರಿ. ನಮ್ಮ ಮನೆಯವರ ತಿಥಿಯೂ ಆಯಿತು. ಈಗ ಹೇಳಬೇಕು.

ಅವರಿಗೆ ರಕ್ತದಲ್ಲೇ ಕಾಮಾಲೆಯ ವೈರಸ್ ಇತ್ತು. 2012ರಲ್ಲಿ ಹೆಬ್ಬಾಳದಲ್ಲಿ ರಕ್ತ ಕೊಡಲು ಹೋದಾಗ ಟೆಸ್ಟಿನಲ್ಲಿ ಗೊತ್ತಾಯಿತು. ಇನ್ನು ಜನ್ಮದಲ್ಲಿ ಕೊಡಬಾರದು ಎಂದರಂತೆ. ಆ ದಿನ ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಅದಕ್ಕೆ ಮೊದಲು ಕೊಟ್ಟದ್ದೆಲ್ಲ ಟೆಸ್ಟ್ ಮಾಡಿ ಸರಿಯಿದೆ ಎಂದ ಮೇಲೇ ಕೊಟ್ಟದ್ದು, ಆದರೂ ಅವರಿಗೆ ಒಂದೇ ಹೆದರಿಕೆ. "ಯಾರ್ಗೂ ಹೇಳ್ಬೇಡ ಕಣೇ. ಮಲ್ಕಾ, ಆ ಮೇಷ್ಟ್ರು, ಎಲ್ಲಾರೂ ನನ್ ರಕ್ತ ನೆನ್ಕೊಂಡು ಹೆದರ್ಕೋತಾರೆ" ಎಂದರು. ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡರು.

ಸೈಟಿನ ಜಗಳ ನಿಜ. ನಾನು ದಡ್ಡಿ, ಮಣ್ಣಿನ ಸೈಟು ಎಂದೇ ತಿಳಿದೆ. ಆದರೆ ಮಾರನೇ ದಿನವೇ ನನಗೆ ಅರ್ಥವಾಗಿತ್ತು. ಆಮೇಲೆ ನಾನು ಬೇಡ ಅನ್ನಲೇ ಇಲ್ಲ. ಕೊಟ್ಟುಬಿಡಿ, ಕೊಟ್ಟುಬಿಡಿ ಎಂದು ಎಷ್ಟು ಸಲ ಹೇಳಿದೆನೋ. "ಅದನ್ನೂ ಕೊಟ್ರೆ ನಾನ್ ಏನಾಗಿ ಉಳೀತೀನಿ?" ಎಂದು ಕೇಳಿದರು. ನೀವು ಇಷ್ಟು ವರ್ಷ ನನ್ನ ಮೇಲೆ ಬೇಜಾರಾಗಿದ್ದಿರೇನೋ.

ಕೊನೆಯ ಎರಡು ವರ್ಷ ಅವರು ಫೋನ್ ಎತ್ತುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟು ಹೇಳಿಸುತ್ತಿದ್ದರು. ಹೊರಗಡೆ ಹೋಗಿದ್ದಾರೆ, ಸಂಜೆಗೆ ಬರ್ತಾರೆ. ಎಷ್ಟು ಜನಕ್ಕೆ ಹೇಳಿದ್ದೇನೋ ದೇವರಿಗೇ ಗೊತ್ತು.

ಡಿಸೆಂಬರಿನಲ್ಲಿ ಆ ದಿನ ಬೆಳಗ್ಗೆ ಅಂಗಡಿಯಲ್ಲಿ ರಕ್ತ ಕಾರಿಕೊಂಡರು. ಲಿವರ್ ಹಾಳಾಗಿತ್ತಂತೆ, ಒಳಗೆ ನರ ಒಡೆದಿತ್ತಂತೆ. ಆಟೋದಲ್ಲಿ ಹೆಬ್ಬಾಳಕ್ಕೆ ಕರೆದುಕೊಂಡು ಹೋಗುವಾಗ ಜೇಬಿನಿಂದ ಆ ಫೋನ್ ತೆಗೆದು ನನ್ನ ಕೈಗಿಟ್ಟರು. ಯಾರಾದರೂ ಮಾಡಿದರೆ ಸಂಜೆ ಅನ್ನು ಎಂದರು. ಅದೇ ಅವರು ನನ್ನ ಜೊತೆ ಆಡಿದ ಕೊನೇ ಮಾತು. ಡಾಕ್ಟರಿಗೆ ನಾನು ಇವರದ್ದು ಬಾಂಬೆ ಗ್ರೂಪ್ ಎಂದೆ. ಹುಡುಕುತ್ತೇವೆ, ಕೂತಿರಿ ಎಂದರು. ಒಳಗೆ ಕರೆದುಕೊಂಡು ಹೋದರು.

ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ತಲೆ ಓಡುತ್ತಿರಲಿಲ್ಲ. ಆ ಫೋನ್ ಬಂತು. ಒಬ್ಬರು ಹೆಂಗಸು, "ಬಾಲರಾಜ್ ಅವ್ರ ನಂಬರಾ? ಬಾಂಬೆ ಗ್ರೂಪ್ ಅರ್ಜೆಂಟ್ ಇದೆ ಮೇಡಂ, ಅವರು ಬರೋಕಾಗತ್ತಾ?" ಎಂದರು. ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು ನಸೀಮಾ ಅವರೇ. ನಾನು ಕೇಳಿಸಿಕೊಳ್ಳಲೇ ಇಲ್ಲ. "ಹೊರಗಡೆ ಹೋಗಿದ್ದಾರೆ, ಸಂಜೆಗೆ ಬರ್ತಾರೆ" ಎಂದೆ. ಅವರು ಥ್ಯಾಂಕ್ಸ್ ಎಂದು ಇಟ್ಟರು.

ಮಧ್ಯಾಹ್ನ ಕಳೆಯಿತು. ಕೇಳಿದಾಗಲೆಲ್ಲ ವ್ಯವಸ್ಥೆ ಆಗಿದೆ ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ನರ್ಸ್ ಬಂದು, ಒಬ್ಬರು ಸಿಕ್ಕಿದ್ದರಮ್ಮ, ಸಂಜೆಗೆ ಬರುತ್ತಾರೆ ಎಂದಿದ್ದರು, ಇನ್ನೂ ಬಂದಿಲ್ಲ, ನಿಮ್ಮ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಯಾರು ಅವರು ಎಂದೆ. ಕೊಡಿಗೇಹಳ್ಳಿಯವರು ಎಂದರು. ಆಗ ನನ್ನ ಮಡಿಲಲ್ಲಿದ್ದ ಫೋನ್ ಮತ್ತೆ ಬಡಿದುಕೊಂಡಿತು. ಕೌಂಟರಿನಲ್ಲಿ ಒಬ್ಬರು ಕಿವಿಗೆ ಫೋನ್ ಇಟ್ಟು ನಿಂತಿದ್ದರು.

ಮನೆಯಲ್ಲಿದ್ದ ಸರಳಾಳಿಗೆ ಹೇಳಿ ನಿಮ್ಮ ಕವರು ಹುಡುಕಿಸಿ ನಂಬರ್ ಓದಿಸಿಕೊಂಡದ್ದು ಅದಾದ ಮೇಲೆ. ಮಲ್ಕಾ ಆರ್.ಟಿ. ನಗರದಿಂದ ಅರ್ಧ ಗಂಟೆಯಲ್ಲಿ ಬಂದರು. ಅಷ್ಟು ಹತ್ತಿರ ಇದ್ದರು. ಅವರ ರಕ್ತ ತೆಗೆದು, ಟೆಸ್ಟು ಮಾಡುತ್ತಿರುವಾಗಲೇ ಇವರು ಹೋದರು. ಮಲ್ಕಾ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ನನ್ನ ಪಕ್ಕ ಕೂತೇ ಇದ್ದರು, ಬೆಳಕು ಹರಿಯುವ ತನಕ ಕೈ ಬಿಚ್ಚಲೇ ಇಲ್ಲ.

ಕರೆಂಟ್ ಬಿಲ್ಲಿನ ಹಿಂದೆ ಅವರು ಪಾಸ್‌ವರ್ಡ್ ಬರೆದಿಟ್ಟಿದ್ದರು. ಇದರ ಜೊತೆ ಇಟ್ಟಿದ್ದೇನೆ. ಸೈಟನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಆ ಫೋನ್ ಇನ್ನೂ ಬರುತ್ತದೆ. ಈಗ ತೀರಿಕೊಂಡರು ಎಂದು ಹೇಳಿ ಮಲ್ಕಾ ಅವರ ನಂಬರ್ ಕೊಡುತ್ತೇನೆ.

ಒಂದೇ ಒಂದು ಕೇಳುತ್ತೇನೆ. ನೀವು ಕೇಳಿದಾಗಲೇ ಕೊಟ್ಟಿದ್ದರೆ, ಆಸ್ಪತ್ರೆಯವರು ಹುಡುಕಿದಾಗ ಮಲ್ಕಾ ಅವರ ನಂಬರ್ ಮೊದಲು ಸಿಗುತ್ತಿತ್ತಾ? ಇವರು ಉಳಿಯುತ್ತಿದ್ದರಾ? ನೀವು ಓದಿದವರು, ಈ ಲಿಂಕು ಗಿಂಕು ನಿಮಗೆ ಗೊತ್ತು. ನನಗೆ ನಿದ್ದೆ ಬರುತ್ತಿಲ್ಲ. ನಿಜ ಹೇಳಿ.

ವನಿತಾ

*

ಬೀದರ್
17 ಫೆಬ್ರವರಿ 2019

ವನಿತಕ್ಕ,

ಇಲ್ಲ.

ಲಿಂಕು ಹಳತಾದಷ್ಟೂ ತೂಕ ಎಂದೆಲ್ಲ ನಾನು ಬಾಲರಾಜಣ್ಣನಿಗೆ ಬರೆದದ್ದು ಬರೀ ಅಂದಾಜು. ಯಾವ ಪುಟ ಮೇಲೆ ಬರುತ್ತದೆ, ಯಾವುದು ಕೆಳಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವರು ಸೈಟು ಕೊಟ್ಟಿದ್ದರೂ ನಮ್ಮ ಪುಟ ಅಲ್ಲೇ ಇರುತ್ತಿತ್ತೇನೋ. ನಮ್ಮ ಟ್ರಸ್ಟಿನ ಡಾಕ್ಟರನ್ನೂ ಕೇಳಿದೆ. ಲಿವರ್ ಅಷ್ಟು ಕೆಟ್ಟ ಮೇಲೆ ಬೆಳಗ್ಗೆಯೇ ರಕ್ತ ಸಿಕ್ಕಿದ್ದರೂ ಉಳಿಯುತ್ತಿರಲಿಲ್ಲ ಎಂದರು. ನೀವು ಫೋನಿನಲ್ಲಿ ಏನು ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ನಿದ್ದೆ ಮಾಡಿ ಅಕ್ಕ.

ಅವರು ಯಾಕೆ 'ತಂಗಿ' ಬಿಟ್ಟರು ಎಂದು ನನಗೆ ಈಗ ಗೊತ್ತಾಯಿತು. ನಾನು ಕೊನೆಯ ಕಾಗದ ಹಾಗೆ ಬರೆಯಬಾರದಿತ್ತು.

ಪಾಸ್‌ವರ್ಡ್ ಸಿಕ್ಕಿದ ದಿನವೇ ದಾರಿ ತಿರುಗಿಸಿದೆ. ಬಾಲರಾಜಣ್ಣನ ಹೆಸರು ಪುಟದ ಮೇಲೇ ಹಾಕಿದ್ದೇನೆ, ನಂಬರ್ ತೆಗೆದಿದ್ದೇನೆ. ನಿನ್ನೆ ಹುಡುಕಿ ನೋಡಿದೆ. ಎಲ್ಲಕ್ಕಿಂತ ಮೊದಲು ಬರುವುದು ಹೊಸ ಪುಟ, ಅದರಲ್ಲಿ ಮೊದಲ ನಂಬರು ಮಲ್ಕಾಳದ್ದು. ಇನ್ನು ಆ ಫೋನಿಗೆ ಕರೆ ಕಡಿಮೆಯಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ.

ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತೇನೆ. ಮನೆಗೇ ಬರುತ್ತೇನೆ. ಸಂಜೆ ಎಂದು ಹೇಳುವುದಿಲ್ಲ, ಬೆಳಗ್ಗೆಯೇ ಬರುತ್ತೇನೆ.

ನಸೀಮಾ